ಎಡಗಡೆಯ ಹೂವು

"ದಂಟೂ, ಮೆಂತ್ಯಾ, ಸಬ್ಬಸ್ಗೇ... ಸೊಪ್ಪೋ ಸೊಪ್ಪು!"

ಬೆಂಗಳೂರಿನ ನನ್ನ ಮೊದಲ ಬೆಳಗಿನ ಸದ್ದು ಇದು. ಜಯನಗರದ ಅಕ್ಕನ ಮನೆಯಲ್ಲಿ ಧಡಕ್ಕನೆ ಎದ್ದು ಕೂತೆ. ಮಾಟುಂಗಾದಲ್ಲಿ ನಲವತ್ತಾರು ವರ್ಷ ಲೋಕಲ್ ಟ್ರೈನಿಗೂ ಎಚ್ಚರವಾಗದವಳು ಒಬ್ಬ ಸೊಪ್ಪಿನವಳ ಕೂಗಿಗೆ ಬೆಚ್ಚಿದೆ. ಯಾಕೆಂದು ಹೊಳೆಯಲು ಒಂದು ನಿಮಿಷ ಬೇಕಾಯಿತು. ಆಕೆ ಕೂಗುತ್ತಿದ್ದದ್ದು ಕನ್ನಡದಲ್ಲಿ. ಮಾಟುಂಗಾದ ಹಳೆಯ ಸ್ನೇಹಿತರಾದ ನಿಮಗೆ ಗೊತ್ತಲ್ಲ, ನಮಗೆಲ್ಲ ಕನ್ನಡ ಅಂದರೆ ಬಾಗಿಲು ಹಾಕಿಕೊಂಡ ಮೇಲೆ ಆಡುವ ಮಾತು. ಮೆಟ್ಟಿಲಿಳಿದರೆ ಮರಾಠಿ, ಸ್ಟೇಷನ್ನಿನಲ್ಲಿ ಹಿಂದಿ, ಆಫೀಸಿನಲ್ಲಿ ಇಂಗ್ಲಿಷ್. ಇಲ್ಲಿ ನನ್ನ ಅಡುಗೆಮನೆಯ ಭಾಷೆಯನ್ನು ಯಾರೋ ನಡುಬೀದಿಯಲ್ಲಿ, ಒಂದಿಷ್ಟೂ ಸಂಕೋಚವಿಲ್ಲದೆ ಕೂಗುತ್ತಿದ್ದರು.

ಗೇಟಿನ ಹತ್ತಿರದಿಂದ ಅಕ್ಕ ಕೇಳಿದಳು. "ವಿಮಲಾ, ಯಾವ್ ಸೊಪ್ಪು ತೊಗೊಳ್ಲೇ?"

"ಯಾವುದಾದ್ರೂ ಸರಿ, ಅಕ್ಕ."

"ಯಾವುದಾದ್ರೂ ಅನ್ನೋ ಸೊಪ್ಪು ಈಯಮ್ಮನ ಬುಟ್ಟೀಲಿಲ್ಲ ಕಣೇ!"

ಸೊಪ್ಪಿನವಳೂ ನಕ್ಕಳು.

ಅಕ್ಕ ಅಂದರೆ ಸರಸು, ನನಗಿಂತ ನಾಲ್ಕು ವರ್ಷ ದೊಡ್ಡವಳು. ಕೆಳಗೆ ಅವಳು, ಮಹಡಿಯಲ್ಲಿ ಮಗಳು ಮಮತಾಳ ಸಂಸಾರ. ನನ್ನವರು ಹೋಗಿ ಎರಡು ವರ್ಷಕ್ಕೆ ಮಾಟುಂಗಾದ ನಮ್ಮ ಬಿಲ್ಡಿಂಗ್ ರೀಡೆವಲಪ್‌ಮೆಂಟ್ ಅಂತ ಕೆಡವಲು ಹೊರಟರು. ನಮಗೆ ಮಕ್ಕಳಿಲ್ಲ. "ಇನ್ನೆಲ್ಲಿಗೆ ಹೋಗ್ತೀಯೆ, ಬಾ" ಅಂದಳು ಅಕ್ಕ. ಎಪ್ಪತ್ತೆರಡನೇ ವಯಸ್ಸಿನಲ್ಲಿ ಎರಡು ಸೂಟ್‌ಕೇಸು ಹಿಡಿದು ಬಂದೆ.

ಬಂದ ಹೊಸತರಲ್ಲಿ ಎಲ್ಲವನ್ನೂ ಅಲ್ಲಿಯದಕ್ಕೆ ಹೋಲಿಸುವುದೇ ನನ್ನ ಕೆಲಸ. ಅಲ್ಲಿ ಎದುರುಮನೆಯವರ ಹೆಸರು ತಿಳಿಯಲು ಒಂಬತ್ತು ವರ್ಷ ಹಿಡಿದಿತ್ತು. ಇಲ್ಲಿ ಒಂಬತ್ತೇ ದಿನಕ್ಕೆ ನನ್ನ ಮಂಡಿನೋವು ಇಡೀ ಕ್ರಾಸಿಗೆ ಗೊತ್ತಾಯಿತು. ಅಲ್ಲಿ 'ಕಟಿಂಗ್' ಅಂದರೆ ಅರ್ಧ ಗ್ಲಾಸ್ ಚಹಾ, ಒಬ್ಬರೇ ನಿಂತು ಕುಡಿಯುವಂಥದ್ದು. ಇಲ್ಲಿ 'ಬೈ ಟು', ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚುವುದು. ಅದಕ್ಕೆ ಜೊತೆಗೊಬ್ಬರು ಬೇಕೇ ಬೇಕು. ನನ್ನ ಜೊತೆ ಯಾವಾಗಲೂ ಅಕ್ಕ ಇದ್ದಳು. ವಾಕಿಂಗಿಗೆ ಅಕ್ಕ, ಬ್ಯಾಂಕಿಗೆ ಅಕ್ಕ. ದರ್ಶಿನಿಯಲ್ಲಿ ನಾನು ಬಾಯಿ ತೆರೆಯುವ ಮೊದಲೇ, "ಅವಳಿಗೆ ಇಡ್ಲಿ ಕೊಡಪ್ಪ, ವಡೆ ಆಗಲ್ಲ" ಅನ್ನುವವಳು ಅಕ್ಕ. ವಡೆ ನನಗೆ ಚೆನ್ನಾಗಿಯೇ ಆಗುತ್ತಿತ್ತು. ಹೇಳಲಿಲ್ಲ.

ಹೇಳದೆ ಇರುವುದನ್ನು ನಾನು ಚಿಕ್ಕಂದಿನಲ್ಲೇ ಕಲಿತವಳು. ಮೈಸೂರಿನ ಕಾನ್ವೆಂಟ್ ಬೋರ್ಡಿಂಗಿನಲ್ಲಿ ಊಟದ ಮೇಜಿಗೊಂದು ರೂಲ್ ಇತ್ತು. ಉಪ್ಪು ಬೇಕಿದ್ದರೆ ಕೇಳುವಂತಿಲ್ಲ. ಪಕ್ಕದ ಹುಡುಗಿಗೆ, "ವುಡ್ ಯು ಲೈಕ್ ಸಮ್ ಸಾಲ್ಟ್?" ಎನ್ನಬೇಕು. ಅವಳು ಸೂಕ್ಷ್ಮ ತಿಳಿದು ನಿಮ್ಮ ಕಡೆ ದಾಟಿಸಿದರೆ ನಿಮ್ಮ ಪುಣ್ಯ, ಇಲ್ಲದಿದ್ದರೆ ಸಪ್ಪೆ ಊಟ. ನನ್ನ ಪಕ್ಕದವಳು ಬಲು ಮಂದಬುದ್ಧಿ. ಏಳು ವರ್ಷ ಸಪ್ಪೆ ಉಂಡೆ. ಆಮೇಲೆ ಮದುವೆ. ನನ್ನವರು ಒಳ್ಳೆಯವರು, ಆದರೆ ಅವರಿಗೂ ಈ ರೂಲ್ ಗೊತ್ತಿರಲಿಲ್ಲ. ಹೀಗೆ, ನನಗೇನು ಬೇಕು ಎಂದು ಬೇರೆಯವರಿಗಿರಲಿ, ನನಗೇ ಕೇಳಿಸದಷ್ಟು ಪಳಗಿಬಿಟ್ಟಿದ್ದೆ.

ಜಯನಗರದಲ್ಲಿ ಏನೋ ಒಂದು ಎದೆಯಲ್ಲಿ ಅಡ್ಡ ಕೂತಿರುತ್ತಿತ್ತು. ಗ್ಯಾಸ್ ಅಂದುಕೊಂಡೆ. ಬಿಪಿ ನೋಡಿಸಿದೆ. ಮುಂಬಯಿ ನೆನಪು, ದಿನ ಕಳೆದಂತೆ ಸರಿಹೋಗುತ್ತೆ ಅಂದಳು ಮಮತಾ. ಒಂದು ಭಾನುವಾರ ಅವಳೇ ಪುಟ್ಟೇನಹಳ್ಳಿ ಕೆರೆ ತೋರಿಸಲು ಕರೆದುಕೊಂಡು ಹೋದಳು. ಜೊಂಡಿನ ಮಧ್ಯೆ ನೀಲಿ ಕೋಳಿಗಳಂಥ ಹಕ್ಕಿಗಳು ಕಾಲೆತ್ತಿ ಕಾಲಿಡುತ್ತಿದ್ದವು. ನಾನು ನೋಡಿದ್ದು ಅವನ್ನಲ್ಲ. ಕೆರೆಯಂಚಿನ ರಸ್ತೆಯಲ್ಲಿ ಒಂದು ಮನೆಯ ಮಹಡಿಗೆ 'ಟು ಲೆಟ್' ಬೋರ್ಡು ನೇತಾಡುತ್ತಿತ್ತು. ಒಂದು ರೂಮು, ಒಂದು ಅಡುಗೆಮನೆ, ಒಂದು ಕಿಟಕಿ. ಆ ಬೋರ್ಡು ನಾಲ್ಕು ದಿನ ತಲೆಯಿಂದ ಇಳಿಯಲಿಲ್ಲ. ಐದನೇ ದಿನ ತಮಾಷೆಗೆಂಬಂತೆ ಅಕ್ಕನ ಹತ್ತಿರ ಬಾಯಿಬಿಟ್ಟೆ.

"ಒಬ್ಬಳೇ ಇರ್ತೀಯಾ? ಹುಚ್ಚಾ ನಿಂಗೆ? ಜನ ಏನಂತಾರೆ, ಸರಸು ತಂಗೀನ ಆಚೆ ಹಾಕಿದ್ಲು ಅಂತಾರೆ!"

"ಹಾಗಲ್ಲ ಅಕ್ಕ, ಸುಮ್ನೆ ಅಂದೆ."

"ಸುಮ್ನೆ ಯಾರೂ ಅನ್ನಲ್ಲ." ಅಕ್ಕ ಸ್ವಲ್ಪ ಹೊತ್ತು ಬೆರಳು ಮಡಿಸಿದಳು, ಬಿಡಿಸಿದಳು. "ನಾಳೆ ಶನಿವಾರ. ಹನುಮಂತನ್ನೇ ಕೇಳೋಣ. ಅವನು ಹೇಳಿದ ಹಾಗೆ."

ಬನಶಂಕರಿಯ ಹಿಂದಿನ ಬೀದಿಯಲ್ಲಿ ಒಂದು ಸಣ್ಣ ಆಂಜನೇಯನ ಗುಡಿ. ಅಲ್ಲಿ ಹೂವಿನ ಪ್ರಸಾದ ಕೇಳುತ್ತಾರೆ. ಅರ್ಚಕರು ದೇವರ ಎರಡು ಭುಜಕ್ಕೂ ಒದ್ದೆ ಹೂ ಇಡುತ್ತಾರೆ. ಮನಸ್ಸಿನಲ್ಲಿರುವುದನ್ನು ನೆನೆದು ಕಾಯಬೇಕು. ದೇವರ ಬಲಗಡೆ ಹೂ ಬಿದ್ದರೆ ಆಗಲಿ ಎಂದರ್ಥ, ಎಡಗಡೆ ಬಿದ್ದರೆ ಬೇಡ. ಅಕ್ಕ ಜೋರಾಗಿಯೇ ಕೇಳಿದಳು. "ವಿಮಲಾ ನನ್ನ ಮನೇಲೇ ಇರಬೇಕಾ, ಹೇಳಪ್ಪ ತಂದೆ."

ನಿಂತೆವು. ಕಾನ್ವೆಂಟಿನವಳಾದ ನನಗೆ ಇದರಲ್ಲಿ ಅರ್ಧ ನಂಬಿಕೆ, ಅರ್ಧ ನಗು. ಐದು ನಿಮಿಷವಾಯಿತು, ಹತ್ತಾಯಿತು. ಅರ್ಚಕರು ಗಂಟೆ ಹೊಡೆದರು. ಆಗ ಗಮನಕ್ಕೆ ಬಂತು. ನಾನು ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಂಡುತ್ತಾ, ಎಡಗಡೆಯ ದಾಸವಾಳವನ್ನೇ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದೆ. ಬೀಳು, ಬೀಳು, ಪ್ಲೀಸ್ ಬೀಳು. ತುಟಿ ಕೂಡ ಅಲ್ಲಾಡುತ್ತಿತ್ತು. ಇಷ್ಟು ಆಸೆಯಿಂದ ನಾನು ಜೀವಮಾನದಲ್ಲಿ ಏನನ್ನೂ ಬೇಡಿರಲಿಲ್ಲ.

ಹೂ ಬಿತ್ತು. ಬಲಗಡೆ.

"ಆಯ್ತಲ್ಲ!" ಅಕ್ಕ ಹೂವನ್ನು ಕಣ್ಣಿಗೊತ್ತಿಕೊಂಡಳು. "ನಡಿ, ಕಾಫಿ ಕುಡಿಯೋಣ."

ನನ್ನ ಕಣ್ಣಲ್ಲಿ ನೀರಿತ್ತು. ಭಕ್ತಿಯೆಂದು ತಿಳಿದು ಅರ್ಚಕರು ಇನ್ನೊಂದು ಉದ್ಧರಣೆ ತೀರ್ಥ ಕೊಟ್ಟರು. ಗುಡಿಯ ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಾ ಹೇಳಿದೆ. "ಅಕ್ಕ, ನಾನು ಆ ಮನೆ ನೋಡ್ತೀನಿ."

"ದೇವರೇ ಹೇಳಿದ್ರೂ?"

"ದೇವರು ನಿನಗೆ ಹೇಳಿದ. ನನಗೆ ಕಾಯ್ತಾ ಇದ್ದಾಗಲೇ ಗೊತ್ತಾಯ್ತು."

ಅಕ್ಕ ಸರಸರನೆ ಮೆಟ್ಟಿಲಿಳಿದು ಮುಂದೆ ನಡೆದಳು. ಮನೆಗೆ ಬಂದ ಮೇಲೆ ಒಂದೇ ಮಾತು. "ಆ ಮನೆಗೆ ನಾನು ಕಾಲಿಡಲ್ಲ."

ಪುಟ್ಟೇನಹಳ್ಳಿಯ ಓನರ್ ಗೌರಮ್ಮ ಬಾಗಿಲಲ್ಲೇ ವಿಚಾರಿಸಿದರು. "ಒಬ್ರೇನಾ? ಮನೇಲಿ ಜಗಳಾನಾ?"

"ಇಲ್ಲ."

"ಮತ್ಯಾಕೆ?"

"ಇಷ್ಟ."

ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಂಗಾದ್ರೆ ಸರಿ ಬಿಡಿ. ಜಗಳ ಆಡ್ಕೊಂಡ್ ಬಂದೋರು ತಿಂಗಳಿಗೇ ವಾಪಸ್ ಹೋಗ್ಬಿಡ್ತಾರೆ."

ಮೊದಲ ಸಂಜೆಗಳು ಭಾರವಾಗಿದ್ದವು, ಸುಳ್ಳು ಹೇಳುವುದಿಲ್ಲ. ಅಭ್ಯಾಸಬಲದಿಂದ ಇಬ್ಬರಿಗೆ ಅನ್ನ ಇಡುತ್ತಿದ್ದೆ. ಆದರೆ ಎದೆಯಲ್ಲಿ ಅಡ್ಡ ಕೂತದ್ದು ಎದ್ದುಹೋಗಿತ್ತು. ಬೆಳಿಗ್ಗೆ ಕಿಟಕಿ ತೆರೆದು, ಇವತ್ತು ಏನು ಮಾಡೋಣ ಅಂತ ನನ್ನನ್ನೇ ಕೇಳಿಕೊಂಡು, ಉತ್ತರಕ್ಕೆ ಕಾಯುತ್ತಿದ್ದೆ. ಕೆಲವು ದಿನ ಉತ್ತರ ಹತ್ತು ಗಂಟೆಗೆ ಬರುತ್ತಿತ್ತು. ಒಮ್ಮೆ ಆಟೋದವನ ಹತ್ತಿರ ಮೀಟರ್ ಹಾಕಿಸಿದೆ. "ಬಾಂಬೆ ಆಂಟಿ, ನೀವು ಗಟ್ಟಿ ಬಿಡಿ" ಅಂದ. ಇಲ್ಲಿಯವರಿಗೆ ನಾನು ಬಾಂಬೆಯವಳು. ಕಳೆದ ವರ್ಷ ಮಾಟುಂಗಾಕ್ಕೆ ಬಂದಾಗ ನೀವೇ, "ಬೆಂಗಳೂರಿನವರು ಬಂದ್ರು" ಅಂತ ಕುರ್ಚಿ ಹಾಕಿದಿರಿ.

ಪ್ರತಿ ಗುರುವಾರ ಜಯನಗರಕ್ಕೆ ಹೋಗುತ್ತಿದ್ದೆ. ಅಕ್ಕ ಊಟ ಬಡಿಸುತ್ತಿದ್ದಳು, ನನ್ನ ಮನೆಯ ಸುದ್ದಿ ಎತ್ತುತ್ತಿರಲಿಲ್ಲ. ಹೀಗೆ ಏಳು ತಿಂಗಳು. ಆಮೇಲೆ ಒಂದು ಮಧ್ಯಾಹ್ನ, ಹೇಳದೆ ಕೇಳದೆ, ಗೌರಮ್ಮನ ಗೇಟಿನ ಮುಂದೆ ಆಟೋ ನಿಂತಿತು. ಮೆಟ್ಟಿಲು ಹತ್ತಿ ಬಂದ ಅಕ್ಕ ಏದುಸಿರು ಬಿಡುತ್ತಾ ರೂಮು ನೋಡಿದಳು, ಅಡುಗೆಮನೆ ನೋಡಿದಳು, ಡಬ್ಬಿಗಳ ಮುಚ್ಚಳ ತೆಗೆದು ನೋಡಿದಳು.

"ಬೇಳೆಗೆ ಹುಳ ಬೀಳುತ್ತೆ, ಒಣಮೆಣಸಿನಕಾಯಿ ಹಾಕಿಡು."

"ಹೂಂ."

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ಕಾಫಿ ಬೇಡವೆಂದಳು. ನನ್ನ ಮುಖ ನೋಡದೆ ಕೇಳಿದಳು. "ವಿಮಲಾ, ನೀನು ಸ್ವಲ್ಪ ಹೊತ್ತು ಆಚೆ ಹೋಗಿ ಬರ್ತೀಯಾ? ನಾನು ಇಲ್ಲಿ ಒಬ್ಬಳೇ ಕೂತ್ಕೋತೀನಿ."

ಎಪ್ಪತ್ತಾರು ವರ್ಷದಲ್ಲಿ ಅಕ್ಕ ಹುಟ್ಟಿದ ಮನೆ, ಸೇರಿದ ಮನೆ, ಮಗಳ ಜೊತೆಗಿನ ಮನೆ ಬಿಟ್ಟು ಒಂದು ಮಧ್ಯಾಹ್ನವೂ ಒಬ್ಬಳೇ ಎಲ್ಲೂ ಕೂತವಳಲ್ಲ. ನಾನು ಚಪ್ಪಲಿ ಮೆಟ್ಟಿ ಕೆಳಗಿಳಿದೆ. ಕೆರೆಗೆ ಒಂದು ಸುತ್ತು ಹಾಕಿದೆ. ವಾಪಸ್ಸಾಗಬೇಕೆನಿಸಿತು. ಇರಲಿ, ಅವಳಿಗೆ ಇನ್ನಷ್ಟು ಹೊತ್ತು ಸಿಗಲಿ ಎಂದು ಇನ್ನೊಂದು ಸುತ್ತು ಹೋದೆ. ಹಿಂತಿರುಗುವಷ್ಟರಲ್ಲಿ ಅಕ್ಕ ಬಾಗಿಲೆಳೆದುಕೊಂಡು ಹೊರಟುಹೋಗಿದ್ದಳು. ಮುಂದಿನ ಗುರುವಾರ ಬರುವ ಮೊದಲೇ, ನಿದ್ದೆಯಲ್ಲೇ ಹೋದಳು.

ಹಾಗಾಗಿ ನಾನು ಅವಳನ್ನು ಕೊನೆಯ ಸಲ ನೋಡಿದ್ದು ಮೊದಲ ಸುತ್ತಿನಲ್ಲಿ, ಮನೆಯೆದುರಿನ ಎತ್ತರದ ಕೆರೆ ಏರಿಯಿಂದ. ಮಹಡಿಯ ಕಿಟಕಿಯಲ್ಲಿ ಅಕ್ಕ ಕನ್ನಡಕ ತೆಗೆದಿಟ್ಟು, ಎರಡೂ ಕಾಲು ನನ್ನ ಮಂಚದ ಮೇಲೆ ಚಾಚಿ ಕೂತಿದ್ದಳು. ನಾನು ಕೈ ಬೀಸಿದೆ. ಅವಳಿಗೆ ಕಾಣಿಸಲಿಲ್ಲ.