ಮಡಿಸಿದ ಪುಟ ಓದದ ಮೇಡಂ

ಅವರ ಸೆರಗಿನ ಅಂಚಿನಲ್ಲಿ ಯಾವಾಗಲೂ ಒಂದು ಸ್ಟೇಪ್ಲರ್ ಪಿನ್ನು ಸಿಕ್ಕಿಕೊಂಡಿರುತ್ತಿತ್ತು. ಕಾಟನ್ ಸೀರೆ, ಇಸ್ತ್ರಿಯ ಗೆರೆ ನೇರ, ಕೂದಲು ಬಿಗಿಯಾಗಿ ಕಟ್ಟಿದ ಗಂಟು, ಎಲ್ಲ ಅಚ್ಚುಕಟ್ಟು. ಆ ಪಿನ್ನೊಂದು ಮಾತ್ರ ದಾರ ಎಳೆದುಕೊಂಡು ನೇತಾಡುತ್ತಿತ್ತು. ಹೇಳಿದರೆ, "ಇರ್ಲಿ ಬಿಡೇ, ಸಂಜೆ ತೆಗೀತೀನಿ" ಎನ್ನುತ್ತಿದ್ದರು. ತೆಗೆದದ್ದನ್ನು ನಾನು ನೋಡಲಿಲ್ಲ.

ಜಯನಗರದ ನಮ್ಮ ಕಾಲೇಜಿನಲ್ಲಿ ಅವರು ಮನಃಶಾಸ್ತ್ರ ಹೇಳಿಕೊಡುತ್ತಿದ್ದರು. ಶುಕ್ರವಾರದ ಕೊನೆಯ ಪೀರಿಯಡ್ಡಿಗೆ ಪಾಠವಿಲ್ಲ, ಬರೆಯುವುದು. ಬೋರ್ಡಿನ ಮೇಲೆ ಒಂದು ಪ್ರಶ್ನೆ ಇರುತ್ತಿತ್ತು: ಈ ವಾರ ಯಾರ ಮುಂದೆ ನೀನು ಬೇರೆ ಥರ ಇದ್ದೆ? ಅಥವಾ, ಯಾವ ಹೊಗಳಿಕೆ ಕೇಳಿ ನಿನಗೆ ಮುಜುಗರವಾಯಿತು? ಅದಕ್ಕೆ ಅವರವರ ನೋಟ್‌ಬುಕ್ಕಿನಲ್ಲಿ ಉತ್ತರ ಬರೆಯಬೇಕು. ಮಾರ್ಕ್ಸ್ ಇಲ್ಲ. ಮೇಡಂ ಓದಬಾರದು ಅನ್ನಿಸಿದ ಪುಟವನ್ನು ಅರ್ಧಕ್ಕೆ ಮಡಿಸಿ ಅವರ ಮೇಜಿಗೆ ಒಯ್ದರೆ, ಕಿಟಕಿಯಾಚೆ ನೋಡುತ್ತಲೇ ಪಿನ್ನು ಹೊಡೆದು ಕೊಡುತ್ತಿದ್ದರು. ಕಣ್ಣು ಅಪ್ಪಿತಪ್ಪಿಯೂ ಪುಟದ ಮೇಲೆ ಬೀಳುತ್ತಿರಲಿಲ್ಲ. ಸೆರಗಿನ ಪಿನ್ನುಗಳ ಮೂಲ ಇದು.

ಮೊದಲ ವಾರ ನಾವೆಲ್ಲ ಬರೆದದ್ದು ಒಂದೇ: ನಾನು ಶ್ರಮಜೀವಿ, ಹಿರಿಯರಿಗೆ ಗೌರವ ಕೊಡುವವಳು, ನನ್ನ ಗುರಿ ಸಾಧಿಸುವವಳು. ಮೇಡಂ ಓದಿ ಕನ್ನಡಕ ತೆಗೆದಿಟ್ಟರು. "ಏನ್ರೋ ಇದು? ಗಂಡು ಹೆಣ್ಣು ನೋಡೋಕೆ ಬಯೋಡೇಟಾ ಬರ್ದಂಗಿದೆ!"

ಹಿಂದಿನ ಬೆಂಚಿನ ಹುಡುಗನೊಬ್ಬ, "ನನ್ ಐಡೆಂಟಿಟಿ ಅಂದ್ರೆ ಆಧಾರ್ ಕಾರ್ಡ್ ಅಷ್ಟೇ ಮೇಡಂ" ಎಂದ.

"ಅದ್ರಲ್ಲಿರೋ ಫೋಟೋ ನಿನ್ ಥರ ಇದೆಯೇನೋ?"

"ಅಯ್ಯೋ, ಇಲ್ಲ ಮೇಡಂ!"

"ಹಂಗಾದ್ರೆ ಮುಚ್ಕೊಂಡು ಬರಿ."

ಅವರಿಗೆ ಸಹನೆ ಹೆಚ್ಚು ಎಂದು ಹೇಳಲಾರೆ. ತಡವಾಗಿ ಬಂದವರು ಟ್ರಾಫಿಕ್ ಎಂದರೆ ಸಿಡುಕುತ್ತಿದ್ದರು. ಹೆಸರುಗಳನ್ನು ಮರೆಯುತ್ತಿದ್ದರು, ನನ್ನನ್ನು ಒಂದು ಇಡೀ ಸೆಮಿಸ್ಟರ್ ಇನ್ನೊಬ್ಬಳ ಹೆಸರಿನಿಂದ ಕರೆದರು, ನಾನೂ ತಿದ್ದಲಿಲ್ಲ. ಕ್ಯಾಂಟೀನಿನ ಕಾಫಿಯನ್ನು ಬಾಯಿಗೆ ಹಾಕುತ್ತಿರಲಿಲ್ಲ. ಮನೆಯಿಂದ ಫ್ಲಾಸ್ಕ್ ತರುತ್ತಿದ್ದರು, ಯಾರಿಗೂ ಕೊಡುತ್ತಿರಲಿಲ್ಲ. ಆದರೆ ನಾವು ಬರೆದದ್ದಕ್ಕೆ ಒಮ್ಮೆಯೂ ಸರಿ, ತಪ್ಪು ಎಂದವರಲ್ಲ. ಅಂಚಿನಲ್ಲಿ ಪೆನ್ಸಿಲ್‌ನಿಂದ ಒಂದು ಸಣ್ಣ ಪ್ರಶ್ನೆ ಬರೆದಿಡುತ್ತಿದ್ದರು. ಬೇಡವಾದರೆ ನಾವು ರಬ್ಬರಿನಿಂದ ಅಳಿಸಿಬಿಡಬಹುದಿತ್ತು.

ತಿಲಕ್ ನಗರದ ನಮ್ಮ ಮನೆಯಲ್ಲಿ ಬೆಳಿಗ್ಗೆ ಲಿಂಗಪೂಜೆಯಾಗದೆ ತಿಂಡಿಯಿಲ್ಲ. ಅಪ್ಪ ಬೇಗ ಮುಗಿಸಿ ಪಾತ್ರೆ ಅಂಗಡಿಗೆ ಹೋಗುತ್ತಾರೆ. ಆಮೇಲೆ ಅಮ್ಮ, ನಾನು ಅಕ್ಕಪಕ್ಕ ಮಣೆ ಹಾಕಿಕೊಂಡು ಕೂರುತ್ತಿದ್ದೆವು. ಎಡ ಅಂಗೈಯಲ್ಲಿ ಇಷ್ಟಲಿಂಗ, ಹಣೆಗೆ ವಿಭೂತಿ. ಬಂಧುಗಳಿಗೆ ಅಮ್ಮ ನನ್ನನ್ನು ತೋರಿಸಿ ಹೇಳುವುದು ಇದನ್ನೇ: "ಕಾಲೇಜಿಗೆ ಹೋಗ್ತಾಳೆ, ಆದ್ರೂ ಒಂದಿನ ಪೂಜೆ ತಪ್ಸಲ್ಲ." ಒಂದು ಶುಕ್ರವಾರ ನಾನು ಬರೆದೆ: "ಕಣ್ಣು ಮುಚ್ಚಿದಾಗ ನನಗೆ ಏನೂ ಅನ್ನಿಸುವುದಿಲ್ಲ. ಅಮ್ಮನ ಪೂಜೆ ಮುಗಿಯಿತೇ ಎಂದು ಕಾಯುತ್ತಿರುತ್ತೇನೆ. ನಾನು ಕೂರುವುದು ಅವಳಿಗೆ ಕಾಣಲಿ ಎಂದು." ಆ ಪುಟವನ್ನು ಮಡಿಸಲಿಲ್ಲ. ಒಬ್ಬರಾದರೂ ಓದಲಿ ಅನ್ನಿಸಿತ್ತು. ಮೇಡಂ ಅಂಚಿನಲ್ಲಿ ಬರೆದರು: "ಅಮ್ಮ ಊರಿಗೆ ಹೋದ ದಿನ?"

ಅದಕ್ಕೆ ಉತ್ತರ ಬರೆಯುವ ಮೊದಲೇ, ಬ್ಯಾಗಿಗೆ ಊಟದ ಡಬ್ಬಿ ಇಡಲು ಹೋದ ಅಮ್ಮ ಆ ಪುಟ ಓದಿದಳು. ಚಪ್ಪಲಿ ಮೆಟ್ಟಿಕೊಂಡು ನನ್ನ ಜೊತೆಯೇ ಕಾಲೇಜಿಗೆ ಹೊರಟಳು.

ಸ್ಟಾಫ್ ರೂಮಿನಲ್ಲಿ ಮೇಡಂ ಒಬ್ಬರೇ ಇದ್ದರು. ಅಮ್ಮ ನಿಂತೇ ಶುರು ಮಾಡಿದಳು: "ಓದ್ಸೋಕೆ ಕಳ್ಸಿದ್ದು ಮೇಡಂ, ಮನೆ ವಿಷ್ಯ ಬರ್ಸೋಕಲ್ಲ. ಈ ಕೋರ್ಸೇ ಬೇಡ. ಬಿಡ್ಸಿ ಬಿ.ಕಾಂ.ಗೆ ಹಾಕ್ತೀವಿ."

"ಕೂತ್ಕೊಳ್ಳಿ. ಕಾಫಿ ಕುಡೀತೀರಾ? ಕ್ಯಾಂಟೀನಿಂದಲ್ಲ, ಮನೇದು."

"ಬೇಡ."

ಮೇಡಂ ಫ್ಲಾಸ್ಕಿನ ಮುಚ್ಚಳಕ್ಕೆ ಬಗ್ಗಿಸಿ ಮುಂದಿಟ್ಟರು. ಅದು ಯಾರಿಗೂ ಸಿಗದ ಕಾಫಿ ಎಂದು ಅಮ್ಮನಿಗೆ ಗೊತ್ತಿರಲಿಲ್ಲ. "ಓದಿ ನಿಮಗೇನನ್ನಿಸ್ತು?" ಎಂದು ಕೇಳಿದರು.

"ಏನನ್ಸತ್ತೆ? ಹೊಟ್ಟೆ ಉರೀತು. ದಿನಾ ನನ್ ಪಕ್ಕದಲ್ಲೇ ಕೂತಿರ್ತಾಳೆ. ಅದೆಲ್ಲ ನಾಟಕಾನಾ?"

ಮೇಡಂ ನನ್ನ ಪರವಾಗಿ ಮಾತಾಡುತ್ತಾರೆ ಎಂದುಕೊಂಡಿದ್ದೆ. ಅವರು ಡ್ರಾಯರಿನಿಂದ ಒಂದು ಬಿಳಿ ಹಾಳೆ ತೆಗೆದು, ಮೇಲೆ ಪೆನ್ನಿಟ್ಟು, ಅಮ್ಮನ ಕಡೆ ಸರಿಸಿದರು. "ಇವಳ ವಯಸ್ಸಲ್ಲಿ ನೀವು ಪೂಜೆಗೆ ಕೂತಾಗ ಏನೇನ್ ಯೋಚ್ನೆ ಬರ್ತಿತ್ತು? ಬರೀರಿ. ನಾನು ಓದಲ್ಲ."

"ನಂಗೂ ಹೋಂವರ್ಕಾ?"

"ಹೂಂ. ಇಲ್ಲಿಗೆ ಬಂದೋರಿಗೆಲ್ಲ ಒಂದೇ ರೂಲು."

ಅಮ್ಮ ಎದ್ದು ಹೋಗುತ್ತಾಳೆ ಎಂದುಕೊಂಡೆ. ಅವಳು ಪೆನ್ನು ತೆಗೆದುಕೊಂಡದ್ದು ಸಿಟ್ಟಿನಿಂದಲೇ, ಇಗೋ ನೋಡಿ ಎಂದು ಮುಖಕ್ಕೆ ಹಿಡಿಯುವುದಕ್ಕೆ. ಮೊದಲ ಸಾಲನ್ನು ಗೀಚಿದಂತೆ ಬರೆದಳು. ಆಮೇಲೆ ನಿಲ್ಲಿಸಿದಳು. ಫ್ಯಾನ್ ನೋಡಿದಳು. ಮತ್ತೆ ಬರೆದಳು, ಈ ಸಲ ನಿಧಾನವಾಗಿ, ಎಡಗೈಯನ್ನು ಅಡ್ಡ ಹಿಡಿದು, ಪಕ್ಕದವರು ಕಾಪಿ ಹೊಡೆಯದಂತೆ ಮಕ್ಕಳು ಮಾಡುತ್ತಾರಲ್ಲ, ಹಾಗೆ. ಒಮ್ಮೆ ತುಟಿ ಕಚ್ಚಿ ನಗು ತಡೆದಳು. ಹಾಳೆ ತಿರುಗಿಸಿ ಹಿಂದೆಯೂ ಬರೆದಳು. ನಾನು ಕತ್ತು ಚಾಚಿದೆ.

"ನೀನ್ಯಾಕೆ ಬಗ್ತಿದೀಯಾ? ಆಚೆ ನೋಡು" ಎಂದರು ಮೇಡಂ.

ಬರೆದು ಮುಗಿಸಿದ ಅಮ್ಮ ಹಾಳೆಯನ್ನು ಮೇಡಂ ಕೈಗೆ ಕೊಡಲಿಲ್ಲ. ಸಣ್ಣದಾಗಿ ಮಡಿಸಿ ಮುಷ್ಟಿಯಲ್ಲಿ ಹಿಡಿದಳು. ಮೇಡಂ ಕಿಟಕಿಯಾಚೆ ನೋಡುತ್ತ ಸ್ಟೇಪ್ಲರ್ ಮುಂದೆ ಚಾಚಿದರು. ಅಮ್ಮ ತಾನೇ ಪಿನ್ನು ಹೊಡೆದುಕೊಂಡಳು, ಅಗತ್ಯಕ್ಕಿಂತ ಜೋರಾಗಿ. ಆಮೇಲೆ ತಣ್ಣಗಾಗಿದ್ದ ಕಾಫಿಯನ್ನು ಕುಡಿದು, "ಸ್ವಲ್ಪ ಚಿಕೋರಿ ಜಾಸ್ತಿ ಆಯ್ತು" ಎಂದಳು.

"ಸ್ವಲ್ಪ ಏನು, ತುಂಬಾನೇ" ಎಂದರು ಮೇಡಂ. "ನಮ್ಮನೆಯವ್ರ ಕೆಲ್ಸ."

ಮನೆಯಲ್ಲಿ ಬಿ.ಕಾಂ. ಮಾತು ಮತ್ತೆ ಬರಲಿಲ್ಲ. ಮಾರನೆಯ ದಿನದಿಂದ ಊಟದ ಡಬ್ಬಿ ಅಡುಗೆಕಟ್ಟೆಯ ಮೇಲೇ ಇರುತ್ತಿತ್ತು. ಬ್ಯಾಗಿಗೆ ನಾನೇ ಇಟ್ಟುಕೊಳ್ಳಬೇಕು. ಅಮ್ಮ ನನ್ನ ಬ್ಯಾಗಿನ ಜಿಪ್ ಮುಟ್ಟಿದ್ದನ್ನು ಆಮೇಲೆ ನೋಡಿಲ್ಲ. ಆದರೆ ಪೂಜೆಗೆ ನಾನು ಮೊದಲಿನ ಹಾಗೆಯೇ ಕೂತೆ. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಡಿಗ್ರಿ ಮುಗಿಯಿತು, ಎಂ.ಎ. ಆಯಿತು, ಕೆಲಸ ಸಿಕ್ಕಿತು. ಎರಡು ಮಣೆ ಹಾಗೆಯೇ ಅಕ್ಕಪಕ್ಕ.

ಮೇಡಂ ನಿವೃತ್ತರಾಗಿ, ಕಾಯಿಲೆ ಬಿದ್ದ ಮೇಲೆ ಬನಶಂಕರಿಯ ಅವರ ಮನೆಗೆ ಆಗಾಗ ಹೋಗುತ್ತಿದ್ದೆ. ಕೊನೆಯ ಸಲ ಹೋದಾಗ ದಿಂಬಿಗೆ ಒರಗಿದ್ದರು. ನನ್ನನ್ನು ಸರಿಯಾದ ಹೆಸರಿನಿಂದಲೇ ಕರೆದರು. "ಪೂಜೆ ವಿಷ್ಯ ಅಮ್ಮಂಗೆ ಹೇಳಿದ್ಯಾ?" ಎಂದರು, ನಿನ್ನೆಯ ಮಾತು ಮುಂದುವರಿಸುವವರಂತೆ.

"ಅಮ್ಮಂಗೆ ಗೊತ್ತಲ್ಲ ಮೇಡಂ, ಓದಿದ್ದಾಳಲ್ಲ."

"ಅಮ್ಮ ಓದಿದ್ದು ಕದ್ದು. ಅದು ನೀನು ಹೇಳ್ದಂಗಾಯ್ತೇನೇ?" ಕೆಮ್ಮು ಬಂತು. ನೀರು ಕುಡಿದು ಮುಂದುವರಿಸಿದರು. "ನಾನು ಬರೀರಿ ಅಂದಿದ್ದು ಅದ್ರೊಳಗೆ ಬಚ್ಚಿಟ್ಕೊಳ್ಳಿ ಅಂತಲ್ಲ ಕಣೇ. ನಿಂಗೆ ನೀನು ಗೊತ್ತಾಗ್ಲಿ, ಆಮೇಲೆ ಎದುರಿಗಿರೋರ್ಗೂ ಗೊತ್ತಾಗ್ಲಿ ಅಂತ."

ನಾನು ತಲೆಯಾಡಿಸಿದೆ. ಅವರು ನಂಬಲಿಲ್ಲ ಎಂಬುದು ಮುಖದಲ್ಲೇ ತಿಳಿಯುತ್ತಿತ್ತು.

ಹೋದ ತಿಂಗಳು ಅವರು ತೀರಿಕೊಂಡರು. ಸುದ್ದಿ ಬಂದಾಗ ಅಮ್ಮ ತಾನೂ ಬರುತ್ತೇನೆಂದು ಹೊರಟಳು. ಹಳೆಯ ವಿದ್ಯಾರ್ಥಿಗಳು ಗೇಟಿನಿಂದ ರಸ್ತೆಯವರೆಗೆ ನಿಂತಿದ್ದರು, ಹೆಚ್ಚಿನವರ ಪರಿಚಯ ನನಗಿಲ್ಲ. ಅಮ್ಮ ಹತ್ತಿರ ಹೋಗಿ, ಮೇಡಂ ಕಾಲಿನ ಬಳಿ ತುಸು ಹೊತ್ತು ಕೈಮುಗಿದು ನಿಂತಳು.

ವಾಪಸ್ ಬರುವಾಗ ಆಟೋದಲ್ಲಿ ಅವಳೇ ಮಾತು ತೆಗೆದಳು. "ಅವತ್ತು ನಾನೇನ್ ಬರ್ದೆ ಅಂತ ನೀನು ಕೇಳ್ಲೇ ಇಲ್ಲ."

"ಕೇಳ್ಬಾರ್ದು ಅಂತ."

"ಒಳ್ಳೇದು. ಕೇಳ್ಬೇಡ." ಸ್ವಲ್ಪ ದೂರ ಹೋದ ಮೇಲೆ ಹೊರಗೆ ನೋಡುತ್ತಲೇ ಹೇಳಿದಳು: "ಪೂಜೆಗೆ ಕೂತಾಗ ಏನನ್ಸತ್ತೆ ಅಂತ ಇಷ್ಟ್ ವರ್ಷದಲ್ಲಿ ನನ್ನನ್ನ ಯಾರೂ ಕೇಳಿರ್ಲಿಲ್ಲ. ಅವರೊಬ್ರೇ ಕೇಳಿದ್ದು."

ಮಾರನೆಯ ಬೆಳಿಗ್ಗೆ ಸ್ನಾನ ಮುಗಿಸಿ ಬಂದಾಗ ಅಮ್ಮ ಎರಡೂ ಮಣೆ ಹಾಕಿದ್ದಳು. ನಾನು ಬಾಗಿಲಲ್ಲೇ ನಿಂತೆ. "ಇವತ್ತಿಂದ ನಾನು ಕೂರಲ್ಲಮ್ಮ. ನಂಗೆ ಏನೂ ಅನ್ಸಲ್ಲ. ನಿನಗೋಸ್ಕರ ಕೂರ್ತಿದ್ದೆ" ಎಂದೆ.

ಅಮ್ಮ ನನ್ನನ್ನೇ ನೋಡಿದಳು. ಆಮೇಲೆ ನನ್ನ ಮಣೆಯನ್ನು ಎತ್ತಿ ಗೋಡೆಗೆ ಒರಗಿಸಿದಳು. "ಸರಿ. ಒಲೆ ಮೇಲೆ ಹಾಲಿದೆ, ಉಕ್ಕದಂಗೆ ನೋಡ್ಕೋ."

ನಾನು ಅಡುಗೆಮನೆಗೆ ಹೋಗಿ, ಉರಿ ಸಣ್ಣ ಮಾಡಿ, ಅವಳ ಪೂಜೆ ಮುಗಿಯುವವರೆಗೂ ಹಾಲಿನ ಮುಂದೆ ನಿಂತಿದ್ದೆ.