ಕೊಡದೆ ಉಳಿಸಿಕೊಂಡ ಪ್ರಶ್ನೆಪತ್ರಿಕೆಗಳು

ಗೋಕಾಕದ ಹೊಸ ಬಡಾವಣೆಯಲ್ಲಿ ಸಾಮಾನು ಇಳಿಸುತ್ತಿದ್ದಾಗಲೇ ಪಕ್ಕದ ಮನೆಯ ಹೆಂಗಸೊಬ್ಬರು ನೇರ ನಮ್ಮ ಅಡುಗೆಮನೆಗೆ ನಡೆದು, ಸಿಕ್ಕ ಪಾತ್ರೆಗಳಿಗೆಲ್ಲ ನೀರು ಹಿಡಿಯತೊಡಗಿದರು. ಮರುದಿನ ಸಂಜೆಯವರೆಗೆ ಕರೆಂಟು ಇರುವುದಿಲ್ಲವಂತೆ, ಮೋಟರೂ ಓಡುವುದಿಲ್ಲವಂತೆ. ಕುಂದಾಪುರದಲ್ಲಿ ಹಿತ್ತಿಲ ಬಾವಿಯಿಂದ ಸೇದಿಕೊಂಡು ಬೆಳೆದ ನನಗೆ, ಅವರು ಕೇಳದೆ ಒಳಬಂದದ್ದೇ ದೊಡ್ಡ ಸೋಜಿಗ.

ಅವರು ಲಗಮಕ್ಕ. ಗಂಡ ಮೇಲವಂಕಿಯಲ್ಲಿ ಕುರಿ, ಹೊಲ ನೋಡಿಕೊಂಡಿದ್ದರೆ, ಇವರು ಮಗಳು ಭಾಗ್ಯಾಳ ಓದಿಗೆಂದು ಇಲ್ಲಿ ಬಾಡಿಗೆಗಿದ್ದರು. ನನ್ನನ್ನು ಗಂಡನ ಬ್ಯಾಂಕಿನ ವರ್ಗಾವಣೆ ತಂದಂತೆ ಅವರನ್ನು 'ಸಾಲಿ' ತಂದಿತ್ತು. ಶಾಲೆಗೆ ಇಲ್ಲಿ ಹಾಗೆನ್ನುತ್ತಾರೆ. ಕಾಯಿ ರುಬ್ಬದೆ ನಮ್ಮ ಅಡುಗೆ ಆಗದು; ಮಿಕ್ಸಿ ಓಡದ ದಿನ ಅವರ ಖಡಕ್ ರೊಟ್ಟಿ, ಶೇಂಗಾ ಚಟ್ನಿಯೇ ನಮಗೆ ಊಟ. ಬರಬರುತ್ತ ಕರೆಂಟು ಹೋಗುವ ಮೊದಲೇ ಮಸಾಲೆ ರುಬ್ಬಿಟ್ಟು, ಒಂದು ಬಟ್ಟಲು ಸಾರು ಅವರಿಗೂ ಕೊಡುವಷ್ಟು ಚುರುಕಾದೆ.

ನಮ್ಮ ಬೀದಿಯ ತಾಯಂದಿರಿಗೆ ಒಂದೇ ಧ್ಯಾನ: ವಸತಿ ಶಾಲೆಯ ಪ್ರವೇಶ ಪರೀಕ್ಷೆ. ತರಕಾರಿ ಗಾಡಿಯ ಮುಂದೆಯೂ ಮಾತು ಮಕ್ಕಳ ಅಂಕಗಳದೇ. ನನ್ನ ಮಗಳು ಅನಘಾಗೆ ಲೆಕ್ಕ ಹತ್ತುತ್ತಿರಲಿಲ್ಲ. ಅದೇ ಪರೀಕ್ಷೆಗೆ ಓದುತ್ತಿದ್ದ ಭಾಗ್ಯಾ ನಮ್ಮ ಮೆಟ್ಟಿಲ ಮೇಲೆ ಕುಳಿತು ಹೇಳಿಕೊಡುತ್ತಿದ್ದಳು. ಆಗಲೇ ಗಂಡನ ಪರಿಚಯದವರಿಂದ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟೊಂದು ಸಿಕ್ಕಿತು. ಅಂಥವು ಎಲ್ಲಾದರೂ ಸಿಗುತ್ತವೆಯೇ ಎಂದು ಲಗಮಕ್ಕ ಕೇಳಿದರು. ಇಲ್ಲ ಎಂದೆ.

ಅನಘಾ ಆಯ್ಕೆಯಾದಳು, ಭಾಗ್ಯಾ ಆಗಲಿಲ್ಲ. ಲಗಮಕ್ಕ ಸಕ್ಕರೆ ತಂದು ನನ್ನ ಮಗಳ ಬಾಯಿಗೆ ಹಾಕಿದರು. ತಡೆಯಲಾಗದೆ, ಪತ್ರಿಕೆಗಳು ನನ್ನಲ್ಲಿದ್ದವು ಎಂದುಬಿಟ್ಟೆ.

"ಗೊತ್ತಿತ್ರಿ ಅಕ್ಕಾರ," ಎಂದರು. "ಭಾಗ್ಯಾ ನೋಡಿದ್ಲು. ಇವತ್ತ ಕೊಡ್ತಾರ, ನಾಳಿ ಕೊಡ್ತಾರ ಅಂತ ಸುಮ್ಮನಿದ್ನಿರಿ."

ಈಗೇನು ಮಾಡಲಿ ಎಂದು ಕೇಳಿದೆ.

"ಅಡ್ಡಿ ಇಲ್ರಿ. ಅನಘಾ ಚೊಲೋ ಓದ್ಲಿ."

ಅಡ್ಡಿಯಿಲ್ಲವೆಂದರೆ ಇಲ್ಲಿ 'ಪರವಾಗಿಲ್ಲ ಬಿಡಿ' ಎಂದರ್ಥ. ಆದರೆ ಹಾಗೆನ್ನುವಾಗ ಅವರು ನನ್ನ ಮುಖ ನೋಡಲಿಲ್ಲ. ಆ ತಿಂಗಳೇ ಮನೆ ಖಾಲಿ ಮಾಡಿ, ಮಗಳನ್ನು ಕರೆದುಕೊಂಡು ಮೇಲವಂಕಿಗೆ ಮರಳಿದರು. ಅನಘಾ ಹಾಸ್ಟೆಲಿಗೆ ಹೋದಳು. ಹಗಲೆಲ್ಲ ಮನೆಯಲ್ಲಿ ನಾನೊಬ್ಬಳೇ.

ಈಗ ಕುಂದಾಪುರಕ್ಕೆ ಹೋದರೆ ನನ್ನ ಬಾಯಲ್ಲಿ 'ಐತಿ', 'ಹೌದ್ರಿ' ಕೇಳಿ ತಮ್ಮನ ಮಕ್ಕಳು ನಗುತ್ತಾರೆ. ಗೋಕಾಕದ ಪೇಟೆಯಲ್ಲಿ ಎರಡು ಮಾತಾಡಿದರೆ, ಮಂಗಳೂರ ಕಡೆಯವರೇ ಎಂದು ಕೇಳುತ್ತಾರೆ. ಮೊನ್ನೆ ಊರಿಗೆ ಹೋದಾಗ ಅಮ್ಮ, ಇಲ್ಲಿಗೇ ವರ್ಗ ಮಾಡಿಸಿಕೊಳ್ಳಿ, ಅಲ್ಲಿ ನಿನಗೆ ಯಾರಿದ್ದಾರೆ ಎಂದಳು. ಲಗಮಕ್ಕನನ್ನು ಒಮ್ಮೆ ಕಾಣದೆ ಹೇಗೆ ಹೊರಡಲಿ ಎಂದು ಅವಳಿಗೆ ಹೇಳಲಾಗಲಿಲ್ಲ.

ಮರಳಿ ಬಂದು ವಾರವಾಯಿತು. ಮೇಲವಂಕಿಯ ಬಸ್ಸು ನಮ್ಮ ಬಡಾವಣೆಯ ತಿರುವಿನಲ್ಲೇ ನಿಲ್ಲುತ್ತದೆ. ಇನ್ನೂ ಹತ್ತಿಲ್ಲ.