ಕೊಪ್ಪೆಯೊಳಗಿನ ಕೈ

ಈ ಪ್ರಯಾಣದ ವಿಷಯ ಬರೆಯಬೇಕೆಂದು ಕೂತಾಗಲೆಲ್ಲ ಬೇರೆ ಯಾವುದೋ ಊರಿನ ಕಥೆ ಬರೆದು ಎದ್ದಿದ್ದೇನೆ. ಈ ಸಲ ಹಾಗೆ ಮಾಡುವುದಿಲ್ಲ.

ಆಗ ಹಳ್ಳಿಗಳಿಗೆ ಮೊಬೈಲು ಆಗತಾನೇ ಬರುತ್ತಿತ್ತು. ವಯಸ್ಸಾಗಿ ಹುಣಸೆ ಮಂಡಿಯ ಕೆಲಸ ಬಿಟ್ಟ ಮೇಲೆ ನಾನು ಹಿಂದೂಪುರದ ಒಂದು ಸಂಸ್ಥೆಗೆ ಅಂಗನವಾಡಿ ಮಕ್ಕಳ ಚಿತ್ರಗಳನ್ನು ತಂದುಕೊಡುತ್ತಿದ್ದೆ. ಮಗು ಒಬ್ಬ ಮನುಷ್ಯನನ್ನು ಬರೆಯಬೇಕು. ಕಂಪ್ಯೂಟರು ಕಣ್ಣು, ಕೈ, ಬೆರಳು ಎಲ್ಲ ಇವೆಯೇ ಎಂದು ನೋಡಿ, ಮಗುವಿನ ಬುದ್ಧಿ ವಯಸ್ಸಿಗೆ ತಕ್ಕಂತೆ ಬೆಳೆದಿದೆಯೇ ಎಂದು ಹೇಳುತ್ತಿತ್ತು. ಚಿತ್ರ ಬರೆಯುವಾಗ ಮಗು ಏನೆಂದಿತೆಂದು ಆಪರೇಟರ್ ಹುಡುಗಿಗೆ ತಿಳಿಸುವುದೂ ನನ್ನ ಕೆಲಸವೇ; ಅದನ್ನೂ ಅವಳು ಕಂಪ್ಯೂಟರಿಗೆ ತುಂಬುತ್ತಿದ್ದಳು.

ಜೂನ್‌ನಲ್ಲಿ ಫಲಿತಾಂಶದ ಕಾಗದಗಳನ್ನು ಚೀಲಕ್ಕೆ ಹಾಕಿಕೊಂಡು ಬೆಳಗಿನ ಬಸ್ಸು ಹಿಡಿದೆ. ಮಡಕಶಿರಾ ದಾಟುವಾಗ ಸೋನೆ ಶುರುವಾಯಿತು. ಪಾವಗಡದಲ್ಲಿ ಬಸ್ಸು ಬದಲಾಯಿಸಿ ಕಲ್ಯಾಣದುರ್ಗ ಮುಟ್ಟಿದಾಗ ಮಧ್ಯಾಹ್ನ ಕಳೆದಿತ್ತು. ಅಲ್ಲಿನ ಆಫೀಸಿಗೆ ಸೇರಬೇಕಾದ ಕಾಗದ ಕೊಟ್ಟು ಲಾಡ್ಜಿನಲ್ಲಿ ಉಳಿದೆ. ಬೆಳಿಗ್ಗೆ ಮಂಡಕ್ಕಿಯ ಉಗ್ಗಾಣಿ, ಮೆಣಸಿನಕಾಯಿ ಬಜ್ಜಿ ತೆಗೆದುಕೊಂಡೆ. ಉಗ್ಗಾಣಿ ಅಲ್ಲಿ ಬಲು ರುಚಿ, ಆದರೆ ಅವತ್ತು ಅರ್ಧಕ್ಕೇ ಬಿಟ್ಟು ಎದ್ದೆ. ಚೀಲದಲ್ಲಿ ಉಳಿದದ್ದು ಯಾರ ಕಾಗದವೆಂದು ನನಗೆ ಗೊತ್ತಿತ್ತು.

ಅದು ಕಂಬದೂರು ಕಡೆಯ ಕುರಿಗಾಹಿಯೊಬ್ಬನ ಮಗಳದು. ಅವಳು ಬರೆದದ್ದು ಒಂದು ತ್ರಿಕೋನ, ಒಳಗೆ ಎರಡು ಕಣ್ಣು, ಕೆಳಗೆ ಎರಡು ಕಾಲು. "ನಮ್ಮಪ್ಪ ಕಣೋ ತಾತ. ಕಂಬಳಿ ಕೊಪ್ಪೆ ಹಾಕ್ಕಂಡವ್ನೆ. ಕೈ ಒಳಗವೆ" ಅಂದಿದ್ದಳು. ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ನಮ್ಮಪ್ಪನೂ ಹಾಗೆಯೇ ತಲೆಯ ಮೇಲಿಂದ ಕಂಬಳಿ ಇಳಿಬಿಟ್ಟುಕೊಂಡು ಕುರಿ ಕಾದವರು. ಆದರೆ ಹಿಂದೂಪುರದಲ್ಲಿ ಆಪರೇಟರ್ ಹುಡುಗಿ ಪರದೆ ನೋಡುತ್ತ, "ಏಮಿ ತಾತಾ, ಇದಿ ಮನಿಷಾ, ಗುಡಾರಮಾ?" ಎಂದು ತೆಲುಗಿನಲ್ಲಿ, ಇದು ಮನುಷ್ಯನೋ ಗುಡಾರವೋ ಎಂದು ಕೇಳಿದಾಗ ಅಲ್ಲಿದ್ದವರೆಲ್ಲ ನಕ್ಕರು. ಇಸ್ತ್ರಿ ಅಂಗಿ ಹಾಕಿಕೊಂಡು ಅವರ ನಡುವೆ ಕೂತಿದ್ದ ನಾನು, ಕುರಿಯವರ ಮನೆಯವನೆಂದು ತಿಳಿದುಬಿಡುತ್ತದೆಂಬ ನಾಚಿಕೆಗೆ, "ಗುಡಾರಮೇ ಅಮ್ಮಾ" ಎಂದು ಅವರಿಗಿಂತ ಜೋರಾಗಿ ನಕ್ಕೆ. ಕಂಪ್ಯೂಟರು ಕೈಯಿಲ್ಲ, ಕತ್ತಿಲ್ಲ, ಮೈಯಿಲ್ಲ ಅಂದಿತು.

ಬಸ್ಸಿನಲ್ಲಿ ಕಂಬದೂರಿಗೆ ಬಂದು, ಅಲ್ಲಿಂದ ಆಟೋದಲ್ಲಿ ಆ ಹುಡುಗಿಯ ಹಳ್ಳಿಗೆ ಹೋದೆ. ಅಂಗನವಾಡಿ ಟೀಚರಮ್ಮ ಕಾಗದ ಓದಿ, ಬುದ್ಧಿ ವಯಸ್ಸಿಗಿಂತ ಹಿಂದಿದೆ, ಈ ವರ್ಷ ಒಂದನೇ ಕ್ಲಾಸಿಗೆ ಸೇರಿಸುವುದು ಬೇಡ ಎಂದು ಮಗುವಿನ ಅಪ್ಪನಿಗೆ ಹೇಳಿದರು. ಆತ ನನ್ನ ಕಡೆ ತಿರುಗಿದ.

"ಕಂಪ್ಯೂಟರೇ ಹಂಗಂತಾ ಯಜಮಾನ್ರೆ?"

ಮಗು ಬರೆದದ್ದು ಸರಿ, ಕೈ ಕೊಪ್ಪೆಯೊಳಗಿವೆ ಎಂದು ಆಗಲಾದರೂ ಹೇಳಬಹುದಿತ್ತು. "ಹೂಂ ಕಣಪ್ಪ" ಅಂದೆ.

"ಆಯ್ತು ಬಿಡಿ. ಮರಿ ಕಾಯಾಕಾದ್ರೂ ಬತ್ತಾಳೆ."

ಹುಡುಗಿ ನನ್ನ ಚೀಲ ಎಳೆದಳು. "ತಾತ, ನಮ್ಮಪ್ಪನ್ ಚಿತ್ರ ಎಲ್ಲೈತೆ?"

"ಹಿಂದೂಪುರದಾಗೈತೆ ಕಣಮ್ಮ."

"ಬತ್ತಾ ತತ್ತೀಯಾ?"

ತತ್ತೀನಿ ಅಂದೆ.

ಆಟೋ ತಿರುಗುವಾಗ ಹಿಂದೆ ನೋಡಿದೆ. ಸೋನೆಯಲ್ಲಿ ಆತ ಕೊಪ್ಪೆ ಹಾಕಿಕೊಂಡು ಕುರಿಗಳ ಹಿಂದೆ ಹೊರಟಿದ್ದ. ಪಕ್ಕದಲ್ಲಿ ಗೋಣಿಚೀಲದ ಒಂದು ಪುಟ್ಟ ಕೊಪ್ಪೆ. ಇಬ್ಬರ ಕೈಗಳೂ ಕಾಣುತ್ತಿರಲಿಲ್ಲ.

ಆ ಕೆಲಸ ಬಿಟ್ಟೆ, ಆ ದಾರಿಯನ್ನೂ ಬಿಟ್ಟೆ. ಚಿತ್ರ ಒಯ್ದು ಕೊಡಲಿಲ್ಲ, ತಪ್ಪಾಯಿತೆಂದು ಹೇಳಲೂ ಇಲ್ಲ. ಅವಳ ಹೆಸರು ಈರಕ್ಕ.